ಟ್ರೆಕ್ ದಾರಿ ಹಂಚಿಕೊಳ್ಳೋಕೆ ಸರ್ವರ್ ಯಾಕೆ?

ಪ್ರಶ್ನೆ: ನಮ್ಮದು ಮೈಸೂರಿನ ಸಣ್ಣ ಚಾರಣ ಬಳಗ. ಹೋಗಿಬಂದ ದಾರಿಯ ಜಿಪಿಎಕ್ಸ್ ಫೈಲನ್ನು (ಜಿಪಿಎಸ್ ದಾಖಲಿಸಿದ ದಾರಿಯ ಫೈಲು) ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ. ಅರ್ಧ ಜನರ ಫೋನಿನಲ್ಲಿ ಅದು ತೆರೆಯುವುದೇ ಇಲ್ಲ. ಲಿಂಕ್ ಒತ್ತಿದರೆ ಮ್ಯಾಪಿನ ಮೇಲೆ ದಾರಿ ಕಾಣಬೇಕು, ಅಂಥ ಒಂದು ವೆಬ್ ಪುಟ ಮಾಡುವ ಆಸೆ. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ತಕ್ಕಮಟ್ಟಿಗೆ ಬರುತ್ತದೆ. ಸರ್ವರ್, ಡೇಟಾಬೇಸ್ ಎಲ್ಲ ಬೇಕಾ? ಎಷ್ಟು ಖರ್ಚಾಗಬಹುದು?

ಉತ್ತರ: ಎರಡೂ ಬೇಡ. ನಿಮ್ಮ ಬಳಗದ ಮಟ್ಟಿಗೆ ಖರ್ಚೂ ಇಲ್ಲ. ಒಂದು ಎಚ್‌ಟಿಎಂಎಲ್ ಪುಟ, ಪಕ್ಕದಲ್ಲಿ ಜಿಪಿಎಕ್ಸ್ ಫೈಲುಗಳಿರುವ ಒಂದು ಫೋಲ್ಡರ್. ಎರಡನ್ನೂ ಗಿಟ್‌ಹಬ್ ಪೇಜಸ್‌ನಂಥ ಉಚಿತ ಜಾಗದಲ್ಲಿಟ್ಟರೆ ಮುಗಿಯಿತು. ಲಿಂಕಿನ ಕೊನೆಯಲ್ಲಿ ದಾರಿಯ ಹೆಸರಿರಲಿ. ಪುಟ ಆ ಹೆಸರನ್ನು ಓದಿ ಸರಿಯಾದ ಫೈಲನ್ನು ತರಿಸಿಕೊಳ್ಳುತ್ತದೆ. ಮಿಕ್ಕ ಕೆಲಸವೆಲ್ಲ ನೋಡುವವರ ಬ್ರೌಸರಿನಲ್ಲೇ ಆಗುತ್ತದೆ.

ಜಿಪಿಎಕ್ಸ್ ಎಂದರೆ ಹೆದರುವಂಥದ್ದೇನಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಬರೀ ಎಕ್ಸ್‌ಎಂಎಲ್, ಅಂದರೆ ಎಚ್‌ಟಿಎಂಎಲ್‌ನಂತೆ ಟ್ಯಾಗ್‌ಗಳ ನಡುವೆ ಬರೆದ ಪಠ್ಯ. ಕುಮಾರ ಪರ್ವತದ ಫೈಲಾದರೆ ತುದಿಯ ಹತ್ತಿರದ ಒಂದು ಬಿಂದು ಹೀಗಿರುತ್ತದೆ: ಅಕ್ಷಾಂಶ 12.66ರ ಆಸುಪಾಸು, ರೇಖಾಂಶ 75.69ರ ಆಸುಪಾಸು, ಎತ್ತರ 1,700 ಮೀಟರ್ ಚಿಲ್ಲರೆ, ಜೊತೆಗೆ ಒಂದು ಸಮಯ. ಆ ಸಮಯ ನಮ್ಮದಲ್ಲ, ಯುಟಿಸಿ ಎಂಬ ಜಾಗತಿಕ ಸಮಯ. ಬೆಳಿಗ್ಗೆ 6.10ಕ್ಕೆ ಹತ್ತಲು ಶುರು ಮಾಡಿದ್ದರೆ ಫೈಲಿನಲ್ಲಿ 00.40 ಅಂತಿರುತ್ತದೆ. ಐದೂವರೆ ಗಂಟೆ ಸೇರಿಸಿಕೊಳ್ಳಬೇಕು.

ಬ್ರೌಸರಿನಲ್ಲೇ ಇರುವ ಡಾಮ್‌ಪಾರ್ಸರ್ ಈ ಫೈಲನ್ನು ಓದುತ್ತದೆ. ಬಿಂದುಗಳನ್ನು ಒಂದು ಪಟ್ಟಿ ಮಾಡಿ ಲೀಫ್‌ಲೆಟ್ ಎಂಬ ಮ್ಯಾಪ್ ಲೈಬ್ರರಿಯ ಕೈಗೆ ಕೊಟ್ಟರೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಮ್ಯಾಪಿನ ಮೇಲೆ ಗೆರೆ ಎಳೆದುಕೊಡುತ್ತದೆ. ಇಷ್ಟಕ್ಕೆ ಐವತ್ತು ಸಾಲಿನ ಕೋಡ್ ಸಾಕು. ಎಲ್ಲರೂ ಎಡವುವುದು ಒಂದೇ ಕಡೆ: ಲೀಫ್‌ಲೆಟ್ ಮೊದಲು ಅಕ್ಷಾಂಶ ಕೇಳುತ್ತದೆ, ಮ್ಯಾಪ್ ಮಾಹಿತಿ ಬರೆದಿಡುವ ಇನ್ನೊಂದು ಮಾದರಿಯಾದ ಜಿಯೋಜೇಸನ್ ಮೊದಲು ರೇಖಾಂಶ ಕೇಳುತ್ತದೆ. ಅದಲುಬದಲಾದರೆ ನಿಮ್ಮ ಕುಮಾರ ಪರ್ವತ ನಾರ್ವೆಗೂ ಆಚೆ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಸಮುದ್ರದಲ್ಲಿ ಮುಳುಗಿರುತ್ತದೆ. ಮ್ಯಾಪಿನಲ್ಲಿ ಬರೀ ನೀಲಿ ಕಂಡರೆ ಮೊದಲು ಇದನ್ನೇ ನೋಡಿ.

ಪುಟವನ್ನು ಡಬಲ್ ಕ್ಲಿಕ್ ಮಾಡಿ ತೆರೆದು ಪರೀಕ್ಷಿಸಬೇಡಿ. ಹಾಗೆ ತೆರೆದ ಪುಟಕ್ಕೆ ಪಕ್ಕದ ಫೈಲನ್ನು ಓದಲು ಬ್ರೌಸರ್ ಬಿಡುವುದಿಲ್ಲ. ಪೈಥಾನ್ ಜೊತೆ ಬರುವ ಪುಟ್ಟ ಸರ್ವರನ್ನು ಅಷ್ಟು ಹೊತ್ತು ಓಡಿಸಿಕೊಳ್ಳಿ. ಮ್ಯಾಪಿನ ಮೂಲೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಹೆಸರು ಇರಲೇಬೇಕು, ಅದು ಅವರ ಷರತ್ತು. ಅವರ ಮ್ಯಾಪ್ ಚಿತ್ರಗಳನ್ನು ಒಟ್ಟಿಗೆ ಡೌನ್‌ಲೋಡ್ ಮಾಡಿ ಕೂಡಿಡುವುದಕ್ಕೂ ಅನುಮತಿಯಿಲ್ಲ.

ಇದಕ್ಕೇ ಇನ್ನೊಂದು ಮಾತು. ಬೆಟ್ಟದ ಮೇಲೆ ನೆಟ್‌ವರ್ಕ್ ಇರೋದಿಲ್ಲ ಅಲ್ವಾ? ಹಾಗಾಗಿ ಪುಟದಲ್ಲಿ ದೊಡ್ಡದಾಗಿ ಒಂದು ಡೌನ್‌ಲೋಡ್ ಬಟನ್ ಇಡಿ. ಮನೆಯಲ್ಲಿ ಪುಟ ನೋಡಿ ದಾರಿ ಆರಿಸಿಕೊಳ್ಳಲಿ, ಬೆಟ್ಟದಲ್ಲಿ ಅದೇ ಫೈಲನ್ನು ಆಸ್ಮ್‌ಅಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಮ್ಯಾಪ್ ಆ್ಯಪಿನಲ್ಲಿ ಹಾಕಿಕೊಂಡು ನಡೆಯಲಿ. ಆ ಪ್ರದೇಶದ ಮ್ಯಾಪನ್ನು ಆ್ಯಪಿನಲ್ಲಿ ಮೊದಲೇ ಇಳಿಸಿಕೊಂಡಿದ್ದರೆ ಎರಡೂ ನೆಟ್ ಇಲ್ಲದೆ ಓಡುತ್ತವೆ.

ಯಾರು ಬೇಕಾದರೂ ಫೈಲ್ ಏರಿಸುವ ಫಾರ್ಮ್ ಮಾತ್ರ ಬೇಡ. ಅದು ಬಂತೆಂದರೆ ಲಾಗಿನ್ ಬೇಕು, ಕಾವಲು ಬೇಕು, ಕಸ ಗುಡಿಸುವವರು ಬೇಕು. ಎಲ್ಲರೂ ನಿಮಗೆ ಕಳಿಸಲಿ, ನೀವೇ ಹಾಕಿ. ಇನ್ನೊಬ್ಬರ ಫೈಲಿನಲ್ಲಿರುವ ಹೆಸರು, ವಿವರಣೆಯನ್ನು ಪುಟದಲ್ಲಿ ತೋರಿಸುವಾಗ ಬರೀ ಪಠ್ಯವಾಗಿ ತೋರಿಸಿ, ಎಚ್‌ಟಿಎಂಎಲ್ ಆಗಿ ಅಲ್ಲ. ಅದರೊಳಗೆ ಯಾರಾದರೂ ಸ್ಕ್ರಿಪ್ಟ್ ಸೇರಿಸಿದ್ದರೆ ನಿಮ್ಮ ಪುಟದಲ್ಲಿ ಅದು ಓಡಿಬಿಡುತ್ತದೆ.

ಪ್ರಶ್ನೆ: ಒಂದೇ ದಾರಿ ನಡೆದ ನಮ್ಮಿಬ್ಬರ ಫೈಲಿನಲ್ಲಿ ದೂರವೂ ಬೇರೆ, ಒಟ್ಟು ಏರಿಕೆಯೂ ಬೇರೆ. ಯಾವುದನ್ನು ನಂಬಬೇಕು?

ಉತ್ತರ: ಇದ್ದದ್ದು ಇದ್ದ ಹಾಗೆ ಕೂಡಿಸಿದರೆ ಎರಡನ್ನೂ ನಂಬುವ ಹಾಗಿಲ್ಲ. ಕುಮಾರ ಪರ್ವತದ ದಾರಿಯಲ್ಲಿ ಸಿಗುವ ಭಟ್ಟರ ಮನೆಯಲ್ಲಿ ಅರ್ಧ ಗಂಟೆ ಊಟಕ್ಕೆ ಕೂತಿರಿ ಅನ್ನಿ. ನೀವು ಕದಲದಿದ್ದರೂ ಜಿಪಿಎಸ್ ನಿಮ್ಮನ್ನು ಅಲ್ಲೇ ಸುತ್ತಾಡಿಸುತ್ತದೆ. ಮ್ಯಾಪಿನಲ್ಲಿ ಆ ಜಾಗವನ್ನು ದೊಡ್ಡದು ಮಾಡಿ ನೋಡಿದರೆ ಸಿಕ್ಕುಬಿದ್ದ ನೂಲಿನ ಉಂಡೆ ಕಾಣುತ್ತದೆ. ಆ ನೂಲೆಲ್ಲ ನೀವು ನಡೆದ ಲೆಕ್ಕಕ್ಕೆ ಸೇರಿರುತ್ತದೆ. ಎತ್ತರದ ತಪ್ಪು ಇನ್ನೂ ಜಾಸ್ತಿ. ಎರಡು ಮೀಟರ್ ಮೇಲೆ, ಎರಡು ಮೀಟರ್ ಕೆಳಗೆ ಅಂತ ಸುಮ್ನೆ ಕುಣಿಯುತ್ತಿರುತ್ತದೆ. ಮೇಲೆ ಹೋದದ್ದನ್ನು ಮಾತ್ರ ಕೂಡಿಸುತ್ತಾ ಹೋದರೆ ಇಲ್ಲದ ಬೆಟ್ಟವನ್ನೂ ಹತ್ತಿದ ಹಾಗೆ ಆಗುತ್ತದೆ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್ ಇರುವ ವಾಚಿನಲ್ಲಿ ಈ ಕಾಟ ಕಡಿಮೆ.

ಪರಿಹಾರ ಸುಲಭ. ಹಿಂದೆ ಲೆಕ್ಕಕ್ಕೆ ಹಿಡಿದ ಎತ್ತರಕ್ಕಿಂತ ಐದೋ ಹತ್ತೋ ಮೀಟರ್ ವ್ಯತ್ಯಾಸವಾದಾಗ ಮಾತ್ರ ಏರಿಕೆಯನ್ನು ಸೇರಿಸಿ. ಬಿಂದುಗಳನ್ನೂ ಕಡಿಮೆ ಮಾಡಿ. ಸೆಕೆಂಡಿಗೊಂದರಂತೆ ಆರು ಗಂಟೆ ದಾಖಲಾದರೆ 21,600 ಬಿಂದು. ಹಳೇ ಫೋನುಗಳು ಇದಕ್ಕೆ ತಿಣುಕುತ್ತವೆ. ಡಗ್ಲಸ್–ಪ್ಯೂಕರ್ ಎಂಬ ವಿಧಾನ 1970ರ ದಶಕದಿಂದಲೂ ಇದೆ. ತಿರುವುಗಳನ್ನು ಉಳಿಸಿಕೊಂಡು ನೇರ ದಾರಿಯ ನಡುವಿನ ಬಿಂದುಗಳನ್ನು ತೆಗೆದುಹಾಕುತ್ತದೆ. ನೀವೇ ಬರೆಯಬೇಕಿಲ್ಲ, ಸಿಂಪ್ಲಿಫೈ ಜೆಎಸ್ ಎಂಬ ಪುಟ್ಟ ಲೈಬ್ರರಿ ಸಿಗುತ್ತದೆ. ಐದು ಮೀಟರ್‌ವರೆಗಿನ ವ್ಯತ್ಯಾಸಕ್ಕೆ ಸುಮಾರು 0.00005 ಡಿಗ್ರಿ ಕೊಟ್ಟು ನೋಡಿ. ಮ್ಯಾಪಿನಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಪ್ರಶ್ನೆ: ಹೀಗೆ ದಾರಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿದರೆ ತೊಂದರೆ ಏನಾದರೂ ಇದೆಯಾ?

ಉತ್ತರ: ಇದೆ. ನನ್ನ ಪ್ರಕಾರ ಮ್ಯಾಪ್ ಬರೆಯುವುದಕ್ಕಿಂತ ದೊಡ್ಡ ಕೆಲಸ ಇದೇ. ಓಟ, ಸೈಕಲ್ ಸವಾರಿ ದಾಖಲಿಸುವ ಆ್ಯಪ್ ನಡೆಸುವ ಸ್ಟ್ರಾವಾ ಕಂಪನಿ 2017ರ ನವೆಂಬರಿನಲ್ಲಿ ಬಳಕೆದಾರರ ಓಟದ ದಾರಿಗಳನ್ನೆಲ್ಲ ಸೇರಿಸಿ ಒಂದು ಜಾಗತಿಕ ಮ್ಯಾಪ್ ಹೊರತಂದಿತ್ತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಆದರೂ ಮರುಭೂಮಿಯ ನಡುವೆ ಸೈನಿಕರು ಓಡುತ್ತಿದ್ದ ಗೆರೆಗಳಿಂದ ಸೇನಾ ನೆಲೆಗಳ ಆಕಾರವೇ ಕಾಣಿಸಿತು. 2018ರ ಜನವರಿಯಲ್ಲಿ ಅದು ಪ್ರಪಂಚದ ಸುದ್ದಿಯಾಯಿತು.

ನಿಮ್ಮ ಫೈಲಿನಲ್ಲಿ ಸೇನಾ ನೆಲೆ ಇಲ್ಲ, ಮನೆ ಇದೆ. ರೆಕಾರ್ಡಿಂಗನ್ನು ಮನೆಬಾಗಿಲಲ್ಲೇ ಶುರು ಮಾಡುವವರು ಬಹಳ ಜನ. ಮನೆ ಸುತ್ತಲಿನ ಇಂತಿಷ್ಟು ಮೀಟರ್ ಅಳಿಸಿದರೂ ಸಾಲದು. ನಾಲ್ಕಾರು ಫೈಲುಗಳು ಒಂದೇ ವೃತ್ತದ ಅಂಚಿನಲ್ಲಿ ನಿಂತರೆ ನಡುವೆ ಯಾರ ಮನೆ ಅಂತ ಊಹಿಸುವುದು ಕಷ್ಟವಲ್ಲ. ಚಾರಣ ಶುರುವಾಗುವ ಜಾಗದಿಂದಲೇ ಫೈಲ್ ಶುರುವಾಗಲಿ, ಹಿಂದಿನದನ್ನೆಲ್ಲ ಕತ್ತರಿಸಿ. ಸಮಯವನ್ನೂ ತೆಗೆದುಬಿಡಿ. ದಾರಿ ಹುಡುಕುವವರಿಗೆ ನೀವು ಯಾವ ದಿನ ಊರಲ್ಲಿರಲಿಲ್ಲ ಎಂಬ ಮಾಹಿತಿ ಯಾಕೆ ಬೇಕು?

ಇದನ್ನೆಲ್ಲ ಗಿಟ್‌ಹಬ್‌ಗೆ ಹಾಕುವ ಮುಂಚೆಯೇ ಮಾಡಿ. ಅಲ್ಲಿ ಫೈಲನ್ನು ಆಮೇಲೆ ಅಳಿಸಿದರೂ ಹಳೆಯ ಪ್ರತಿ ಇತಿಹಾಸದಲ್ಲಿ ಉಳಿದಿರುತ್ತದೆ, ಹುಡುಕಿದವರಿಗೆ ಸಿಗುತ್ತದೆ.

ಕಾಡಿನ ದಾರಿಯಾದರೆ ಇನ್ನೂ ಒಂದು. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಧಾಮದಲ್ಲಿ. ಅನುಮತಿ ಇರುವ ದಾರಿಯನ್ನಷ್ಟೇ ಹಾಕಿ. ಅರಣ್ಯ ಇಲಾಖೆಯ ಅರಣ್ಯ ವಿಹಾರ ತಾಣದಲ್ಲಿ ಬುಕ್ ಮಾಡಿಯೇ ಹೋಗಬೇಕು ಅನ್ನುವುದನ್ನು ಡೌನ್‌ಲೋಡ್ ಬಟನ್ನಿನ ಮೇಲೆಯೇ ಬರೆಯಿರಿ. ಬಳಗದವರು ಯಾರೋ ಹಿಡಿದ ಒಳದಾರಿ ಫೈಲಿನಲ್ಲಿದ್ದರೆ ಆ ಭಾಗವನ್ನು ಕತ್ತರಿಸಿ. ಒಬ್ಬರು ಅಡ್ಡ ಹಾದುಹೋದರೆ ಹುಲ್ಲು ಮತ್ತೆ ಏಳುತ್ತದೆ, ಅದೇ ಗೆರೆ ಲಿಂಕಾಗಿ ಹರಿದಾಡಿದರೆ ಮುಂದಿನ ಮಳೆಗೆ ಅಲ್ಲಿ ಕೊರಕಲು ಬಿದ್ದಿರುತ್ತದೆ.