ತೀರ್ಥಹಳ್ಳಿ ಮನೆಯ ಹಳೆ ಕ್ಯಾಸೆಟ್ ಡೆಕ್ಕನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಸ್ಟೀರಿಯೊ ಬರಲ್ಲ, ಸದ್ದೂ ಒಡೆಯುತ್ತದೆ. ಏನು ಮಾಡಲಿ?

ಡೆಕ್ಕಿನ ತಪ್ಪಲ್ಲ, ನೀವು ಚುಚ್ಚಿದ ಜಾಗದ್ದು. ಈಗಿನ ಲ್ಯಾಪ್‌ಟಾಪಿನ ಒಂದೇ ಜ್ಯಾಕ್ ಹೆಡ್‌ಸೆಟ್ಟಿಗೆಂದು ಮಾಡಿದ್ದು. ಅದರ ಮೈಕ್ ದಾರಿ ಮೊನೊ (ಒಂದೇ ಚಾನೆಲ್), ಕೆಲವೇ ಮಿಲಿವೋಲ್ಟ್ ನಿರೀಕ್ಷಿಸುತ್ತದೆ. ಡೆಕ್ಕಿನ ಹಿಂದಿನ ಲೈನ್ ಔಟ್, ಅಂದರೆ ಸದ್ದು ಹೊರಬರುವ ಜ್ಯಾಕ್, ಕೊಡುವುದು ಸುಮಾರು 0.3 ವೋಲ್ಟ್. ಒಡೆಯದೆ ಇನ್ನೇನಾಗುತ್ತೆ? ಸ್ಟೀರಿಯೊ ಲೈನ್ ಇನ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಸದ್ದನ್ನು ಡಿಜಿಟಲ್ ಮಾಡಿ ಲ್ಯಾಪ್‌ಟಾಪಿಗೆ ಕಳಿಸುವ ಪೆಟ್ಟಿಗೆ) ತಗೊಳ್ಳಿ. ಕೆಂಪು-ಬಿಳಿ ಆರ್‌ಸಿಎ ವೈರು ಅದಕ್ಕೆ ಹಾಕಿ, ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸ್ಟೀರಿಯೊ, 44,100 ಹರ್ಟ್ಸ್ ಆರಿಸಿ. ಸದ್ದಿನ ಮೀಟರ್ −6 ಡೆಸಿಬೆಲ್ ದಾಟದಿರಲಿ.

ಆದರೆ ಮಲೆನಾಡಿನ ಮಳೆಗಾಲ ಕಂಡ ಕ್ಯಾಸೆಟ್, ಅಲ್ವಾ? ಮೊದಲು ಬೆಳಕಿಗೆ ಹಿಡಿದು ನೋಡಿ. ಟೇಪಿನ ಸುರುಳಿ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಸುಮ್ನೆ ಓಡಿಸಿದರೆ ಡೆಕ್ಕಿನಲ್ಲಿ ಟೇಪ್ ಓದುವ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ನಮ್ಮ ಅಜ್ಜನ ತಾಳಮದ್ದಲೆ ಕ್ಯಾಸೆಟ್ಟುಗಳಿಗೆ ಹಾಗೇ ಆಯ್ತು.