ಹಳೆ ಲ್ಯಾಪ್‌ಟಾಪ್ ಬ್ಯಾಟರಿ: ಕವಚ ಅದೇ ಇರಲಿ, ಸೆಲ್ ಮಾತ್ರ ಬದಲಿಸಿ

ಸರ್, 1990ರ ದಶಕದ ನಿಮ್ಮ ಲ್ಯಾಪ್‌ಟಾಪ್‌ಗೆ ಆನ್‌ಲೈನ್‌ನಲ್ಲಿ ಸಿಕ್ಕಿರುವ 'ಬಳಸದ ಹಳೆ ಸ್ಟಾಕ್' ಬ್ಯಾಟರಿ ತಗೊಳ್ಳಲಾ, ಇಲ್ಲಾ ಇರೋದಕ್ಕೇ 18650 ಅನ್ನುವ ಲಿಥಿಯಂ ಸೆಲ್ ಹಾಕಿಸಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಬೇಡ.

ಹಳೆ ಸ್ಟಾಕ್ ಅಂದ್ರೆ ಹೊಸದಲ್ಲ. ಪ್ಯಾಕೆಟ್ ಒಡೆಯದಿದ್ದರೂ ಸೆಲ್‌ಗೆ ವಯಸ್ಸಾಗುತ್ತದೆ. ಇಪ್ಪತ್ತೈದು ವರ್ಷ ಗೋಡೌನಿನಲ್ಲಿ ಕೂತದ್ದಕ್ಕೆ ಸುಮ್ನೆ ದುಡ್ಡು ದಂಡ.

18650 ವಿಷಯ ಅಪಾಯದ್ದು. ನಿಮ್ಮ ಫೋಟೋದಲ್ಲಿ ಲೇಬಲ್ ಮೇಲೆ 10.8 ವೋಲ್ಟ್, ನಿಕೆಲ್ ಮೆಟಲ್ ಹೈಡ್ರೈಡ್ ಅಂತಿದೆ. ಎಡವಟ್ಟಾಗುವುದು ಇಲ್ಲೇ. 1.2 ವೋಲ್ಟಿನ ಒಂಬತ್ತು ನಿಕೆಲ್ ಸೆಲ್ ಸೇರಿಸಿದರೂ 10.8, 3.6 ವೋಲ್ಟಿನ ಮೂರು ಲಿಥಿಯಂ ಸೆಲ್ ಸೇರಿಸಿದರೂ 10.8! ಲೆಕ್ಕ ಸರಿಹೋಯ್ತಲ್ಲ ಅಂತ ಹಾಕಿಬಿಡುತ್ತಾರೆ. ಆದರೆ ಮೂರು ಲಿಥಿಯಂ ಸೆಲ್‌ಗೆ 12.6 ವೋಲ್ಟೇ ಗಡಿ. ನಿಮ್ಮ ಲ್ಯಾಪ್‌ಟಾಪಿನ ನಿಕೆಲ್ ಚಾರ್ಜರ್ 13 ದಾಟಿ ಹೋಗುತ್ತದೆ. ಸೆಲ್ ತುಂಬಿದಾಗ ವೋಲ್ಟೇಜ್ ಚೂರು ಇಳಿಯುತ್ತದಾ, ಬಿಸಿ ಏರುತ್ತದಾ ಅಂತ ಕಾಯುತ್ತಲೇ ಕರೆಂಟ್ ತಳ್ಳುತ್ತಿರುತ್ತದೆ. ಲಿಥಿಯಂ ಅದನ್ನು ತಡೆದುಕೊಳ್ಳುವುದಿಲ್ಲ, ಬೆಂಕಿಯೇ ಗತಿ. 1995ರ ಆ್ಯಪಲ್ ಪವರ್‌ಬುಕ್ 5300 ಲಿಥಿಯಂ ಬ್ಯಾಟರಿಗೆ ತಕ್ಕಂತೆ ಮಾಡಿದ ಮಿಷಿನ್. ಅದರ ಬ್ಯಾಟರಿಗೇ ಬೆಂಕಿ ಹತ್ತಿ, ವಾಪಸ್ ಪಡೆದು ನಿಕೆಲ್ ಹಾಕಿಕೊಟ್ಟರು. ಇನ್ನು ನಾವು ಲೆಕ್ಕಕ್ಕುಂಟಾ?

ಹಾಗಾಗಿ ನಿಕೆಲ್ ಜಾಗಕ್ಕೆ ನಿಕೆಲ್ಲೇ ಬರಲಿ. ಕವಚದ ಅಂಚು ಅಂಟು ಹಾಕಿರುತ್ತದೆ, ಪ್ಲಾಸ್ಟಿಕ್ ಒಣಗಿ ಬಿರುಸಾಗಿರುತ್ತದೆ. ನಿಧಾನಕ್ಕೆ ಸುತ್ತಲೂ ಬಿಡಿಸಿ, ಬ್ಲೇಡ್ ಆಳಕ್ಕೆ ತೂರಿಸಬೇಡಿ, ಸೆಲ್ ಶಾರ್ಟ್ ಆದೀತು. ತೆರೆದ ಕೂಡಲೇ ಫೋಟೋ ತೆಗೆಯಿರಿ. ಸೆಲ್‌ಗಳ ಸಂದಿನಲ್ಲಿ ಸಣ್ಣ ಮಣಿಯಂಥ ಬಿಸಿ ಸೆನ್ಸರ್, ಜೊತೆಗೆ ಥರ್ಮಲ್ ಫ್ಯೂಸ್ ಇರುತ್ತವೆ. ಬಿಸಿ ಏರಿದಾಗ ಚಾರ್ಜಿಂಗ್ ನಿಲ್ಲುವುದು ಇವುಗಳಿಂದ. ಹೊಸ ಸೆಲ್‌ಗೆ ಅದೇ ಜಾಗದಲ್ಲಿ ಒತ್ತಿ ಕೂರಿಸಬೇಕು.

ಸೆಲ್‌ನ ದಪ್ಪ, ಉದ್ದ ವರ್ನಿಯರ್‌ನಲ್ಲಿ ಅಳೆಯಿರಿ. 17 ಮಿ.ಮೀ. ದಪ್ಪ, 67 ಉದ್ದ ಬಂದರೆ 4/3ಎ ಸೈಜು. ಎಲ್ಲಾ ಸೆಲ್ ಒಂದೇ ಬ್ಯಾಚಿನದಾಗಿರಲಿ. ಸೋಲ್ಡರಿಂಗ್ ಐರನ್ ಅನ್ನು ನೇರ ಸೆಲ್ ಮೇಲೆ ಇಡಬೇಡಿ, ಬಿಸಿಗೆ ಒಳಗಿನ ಸೀಲ್ ಹಾಳಾಗುತ್ತದೆ. ನಿಕೆಲ್ ಪಟ್ಟಿ ಹಾಕಿ ಸ್ಪಾಟ್ ವೆಲ್ಡಿಂಗ್ ಮಾಡಿಸಿ. ಬೆಂಗಳೂರಿನ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ, ಇಲ್ಲಾಂದ್ರೆ ಇ-ಸ್ಕೂಟರ್ ಬ್ಯಾಟರಿ ರಿಪೇರಿ ಮಾಡುವವರ ಹತ್ತಿರ ಮೆಷಿನ್ ಇರುತ್ತದೆ.

(ಲಿಥಿಯಂ ಬ್ಯಾಟರಿ ಇರುವವರು ಇದೇ ಥರ ಮಾಡಬೇಡಿ. ಸೆಲ್ ಬಿಚ್ಚಿದ ಕೂಡಲೇ ಒಳಗಿನ ಚಿಪ್ ಲಾಕ್ ಆಗಿಬಿಡುವ ಪ್ಯಾಕ್‌ಗಳಿವೆ. ಅದು ಬೇರೆಯೇ ಕಥೆ.)

ಇದೆಲ್ಲಕ್ಕಿಂತ ಮುಂಚೆ, ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಮದರ್‌ಬೋರ್ಡ್ ಹತ್ತಿರ ಗಡಿಯಾರಕ್ಕಂತ ಸಣ್ಣ ಬ್ಯಾಕಪ್ ಬ್ಯಾಟರಿ ಇರುತ್ತದೆ, ಹಸಿರು ಪ್ಲಾಸ್ಟಿಕ್ ಸುತ್ತಿರುವುದು ಜಾಸ್ತಿ. ಅದು ಸೋರಿದರೆ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಮೊದಲು ಕಿತ್ತುಬಿಡಿ, ತಾರೀಕು ಮತ್ತು ಸೆಟ್ಟಿಂಗ್ ಅಳಿಸಿಹೋಗುತ್ತವೆ ಅಷ್ಟೇ. ನೀಲಿ-ಹಸಿರು ಕಿಲುಬು ಕಂಡರೆ ಹತ್ತಿಯಲ್ಲಿ ಬಿಳಿ ವಿನೆಗರ್ ಹಚ್ಚಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ.

ಹೊಸ ಸೆಲ್ ಹಾಕಿದ ಮೇಲೆ ಮೊದಲ ಚಾರ್ಜ್‌ಗೆ ಪಕ್ಕದಲ್ಲೇ ಕೂತಿರಿ, ಆಗಾಗ ಮುಟ್ಟಿ ನೋಡಿ. ಬೆಚ್ಚಗಾದರೆ ಪರವಾಗಿಲ್ಲ, ಕೈ ಇಡಲಾರದಷ್ಟು ಬಿಸಿಯಾದರೆ ತೆಗೆದುಬಿಡಿ. ಕವಚ ಬಿಚ್ಚಿದಾಗ ಫೋಟೋ, ಅಳತೆ ಇಲ್ಲೇ ಹಾಕಿ, ಯಾವ ಸೆಲ್ ಅಂತ ನೋಡೋಣ.