ಹೊಳೆಗಿಳಿಯುವವರನ್ನು ಕೇಳಿ, ಆಮೇಲೆ ಯಂತ್ರ ಕೊಳ್ಳಿ

ಓದುಗರ ಪ್ರಶ್ನೆ: ಉತ್ತರಿಸುವವರು ಉಡುಪಿಯಲ್ಲಿ ನೆಲೆಸಿರುವ, ಅಗ್ನಿಶಾಮಕ ಸೇವೆಯ ನಿವೃತ್ತ ಅಧಿಕಾರಿ

ಪ್ರಶ್ನೆ: ಸ್ವರ್ಣಾ ನದಿಯಲ್ಲಿ ಯಾರಾದರೂ ಮುಳುಗಿದರೆ ನಮ್ಮ ಯುವಕ ಮಂಡಲದವರು ಹುಡುಕಾಟಕ್ಕೆ ಇಳಿಯುತ್ತೇವೆ. ಈ ಮಳೆಗಾಲಕ್ಕೆ ಮೊದಲು ದೇಣಿಗೆ ಎತ್ತಿ ಥರ್ಮಲ್ ಕ್ಯಾಮೆರಾ ಇರುವ ಡ್ರೋನ್ ಕೊಳ್ಳಬೇಕೆಂದಿದ್ದೇವೆ. ನಮ್ಮ ಹಿರಿಯ ಮುಳುಗುಗಾರರು “ಅದಕ್ಕೆ ಹೊಳೆಯ ಅಡಿ ಕಾಣುವುದಿಲ್ಲ” ಎಂದು ಹಟ ಹಿಡಿದಿದ್ದಾರೆ. ಅವರನ್ನು ಒಪ್ಪಿಸುವುದು ಹೇಗೆ?
– ಓದುಗರು, ಹಿರಿಯಡ್ಕ

ಉತ್ತರ: ಒಪ್ಪಿಸಲು ಹೋಗಬೇಡಿ, ಅವರ ಮಾತು ನಿಜ. ಥರ್ಮಲ್ ಕ್ಯಾಮೆರಾ ಓದುವುದು ನೀರಿನ ಮೇಲ್ಮೈಯ ಬಿಸುಪನ್ನು ಮಾತ್ರ. ಒಂದು ಗೇಣು ಕೆಳಗಿರುವ ದೇಹವೂ ಅದಕ್ಕೆ ಕಾಣುವುದಿಲ್ಲ. ನೆರೆ ಬಂದಾಗ ಹೊಳೆಯ ನಡುವಿನ ಕುದ್ರುವಿನಲ್ಲಿ ಸಿಕ್ಕಿಬಿದ್ದವರನ್ನು, ರಾತ್ರಿಯಿಡೀ ಮರ ಹಿಡಿದು ಕುಳಿತವರನ್ನು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಆಟಿ ತಿಂಗಳ ಗಾಳಿಮಳೆಯಲ್ಲಿ ಸಣ್ಣ ಡ್ರೋನ್ ನಿಲ್ಲುವುದೇ ಕಷ್ಟ, ಬ್ಯಾಟರಿಯೂ ಅರ್ಧ ಗಂಟೆ ಬಂದರೆ ಹೆಚ್ಚು.

ನೀರಿನಡಿ ನೋಡಲು ಬೇಕಾದದ್ದು ಶಬ್ದದ ಅಲೆಗಳಿಂದ ಚಿತ್ರ ಬರೆಯುವ ಸೋನಾರ್. ಅದನ್ನೂ ಓದಲು ಕಲಿಯಬೇಕು: ಮುಳುಗಿದ ಮರದ ದಿಮ್ಮಿ, ಬಂಡೆ, ಮನುಷ್ಯ ಎಲ್ಲವೂ ಮೊದಲ ನೋಟಕ್ಕೆ ಒಂದೇ ಥರದ ನೆರಳು. ಯಾವ ಗುಂಡಿಯಲ್ಲಿ ಸುಳಿ ತಿರುಗುತ್ತದೆ, ಕಿಂಡಿ ಅಣೆಕಟ್ಟಿನ ಹಲಗೆ ತೆಗೆದ ಮೇಲೆ ಸೆಳೆತ ಎತ್ತ ಹೊರಳುತ್ತದೆ ಎಂದು ತಿಳಿದವರು ಪಕ್ಕದಲ್ಲಿದ್ದರೆ ಆ ನೆರಳಿಗೆ ಅರ್ಥ ಬರುತ್ತದೆ. ನಿಮ್ಮ ಊರಿನಲ್ಲಿ ಅವರು ಯಾರೆಂದು ನಿಮಗೇ ಗೊತ್ತು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಚಾಲಕನ ಸಮೇತ ಗಂಗಾವಳಿ ನದಿಯ ಪಾಲಾದಾಗ ಸೋನಾರ್, ರೇಡಾರ್, ಡ್ರೋನ್ ಎಲ್ಲವೂ ಬಂದವು. ನೀರಿನೊಳಗೆ ಲೋಹದ ಗುರುತೂ ಸಿಕ್ಕಿತು. ಆದರೆ ಕೆಳಗಿಳಿಯಲು ನದಿಯ ಸೆಳೆತ ಬಿಡಲಿಲ್ಲ. ಗೋವಾದಿಂದ ಬಂದ ಡ್ರೆಜ್ಜರ್ ಮಣ್ಣು ತೆಗೆದು ಆ ಲಾರಿ ಮೇಲೆ ಬರುವಾಗ ಸೆಪ್ಟೆಂಬರ್ 25 ಆಗಿತ್ತು, 71 ದಿನ ಕಳೆದಿತ್ತು. ಆ ದಿನಗಳಲ್ಲಿ ಚಾಲಕನ ಮನೆಯವರು ಹೇಗೆ ಕಾದರೋ ಎಂದು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನನ್ನದೇ ಒಂದು ಜುಲೈ ರಾತ್ರಿಯನ್ನು ಹೇಳುತ್ತೇನೆ, ಊರಿನ ಹೆಸರು ಬೇಡ. ನಮ್ಮ ತಂಡಕ್ಕೆ ಹೊಸ ಸರ್ಚ್ ಲೈಟ್, ಹೊಸ ವಾಕಿಟಾಕಿಗಳು ಬಂದಿದ್ದವು. ಕರೆ ಬಂದಾಗ ಅವು ಕಪಾಟಿನಲ್ಲಿದ್ದವು. ಕಪಾಟಿನ ಬೀಗದ ಕೈ ರಜೆಯಲ್ಲಿದ್ದವರ ಜೇಬಿನಲ್ಲಿತ್ತು. ಬೀಗ ಒಡೆದು ತೆಗೆದರೆ ಒಂದರಲ್ಲೂ ಚಾರ್ಜ್ ಇರಲಿಲ್ಲ. ಟಾರ್ಚ್ ಬೆಳಕಿನಲ್ಲಿ, ಹಗ್ಗಕ್ಕೆ ಪಾತಾಳಗರಡಿ ಕಟ್ಟಿ ಬೆಳಗಿನವರೆಗೆ ಹೊಳೆ ಜಾಲಾಡಿದೆವು. ಆ ಹುಡುಗನ ತಾಯಿ ದಡದ ಕಲ್ಲಿನ ಮೇಲಿಂದ ಏಳಲೇ ಇಲ್ಲ. ಅಂದಿನಿಂದ ಪ್ರತಿ ಶನಿವಾರ ಸಂಜೆ ಎಲ್ಲ ಉಪಕರಣವನ್ನೂ ಹೊರಗೆ ತೆಗೆದು, ಕಿರಿಯ ಸಿಬ್ಬಂದಿಯ ಕೈಯಲ್ಲೇ ಬಳಸಿಸುವುದನ್ನು ರೂಢಿ ಮಾಡಿಕೊಂಡೆ.

ಆದ್ದರಿಂದ ದೇಣಿಗೆಯ ಹಣದಲ್ಲಿ ಮೊದಲು ಎಲ್ಲರಿಗೂ ಲೈಫ್ ಜಾಕೆಟ್, ಎಸೆಯುವ ಹಗ್ಗದ ಚೀಲ, ನೀರು ತಾಗದ ವಾಕಿಟಾಕಿ ಕೊಳ್ಳಿ. ವಾಕಿಟಾಕಿಗೆ ಪರವಾನಗಿ ಬೇಕೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಉಳಿದರೆ ಸೋನಾರ್ ಇರುವ ಯಾರಾದರೂ ತಂಡವನ್ನು ಒಂದು ಭಾನುವಾರ ಊರಿಗೆ ಕರೆಸಿ, ಹಿರಿಯರ ಕೈಗೇ ಪರದೆ ಕೊಡಿ. ಕೊಳ್ಳಬೇಕೋ ಬೇಡವೋ ಎಂಬ ಮಾತು ಅವರ ಬಾಯಿಂದಲೇ ಬರಲಿ.

ಪ್ರಶ್ನೆ: ಸಮುದ್ರದಲ್ಲಿ ನೆಟ್‌ವರ್ಕ್ ಇಲ್ಲದಾಗ ಮೊಬೈಲ್‌ನ ಜಿಪಿಎಸ್ ಕೆಲಸ ಮಾಡುತ್ತದೆಯೇ?
– ಓದುಗರು, ಮಲ್ಪೆ

ಉತ್ತರ: ಮಾಡುತ್ತದೆ. ಸಂಕೇತ ಬರುವುದು ಉಪಗ್ರಹದಿಂದ. ಆದರೆ ನೀವಿರುವ ಜಾಗವನ್ನು ಇನ್ನೊಬ್ಬರಿಗೆ ಕಳುಹಿಸಲು ನೆಟ್‌ವರ್ಕ್ ಬೇಕು. ಇಲ್ಲವಾದರೆ ದೋಣಿಯ ವಿಎಚ್‌ಎಫ್ ರೇಡಿಯೋದಲ್ಲಿ, ತುರ್ತು ಕರೆಯ 16ನೇ ಚಾನೆಲ್‌ನಲ್ಲಿ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಓದಿ ಹೇಳಿ. ನೆಟ್‌ವರ್ಕ್ ಇದ್ದರೆ ಕರಾವಳಿ ಕಾವಲು ಪಡೆಗೆ (ಕೋಸ್ಟ್ ಗಾರ್ಡ್) 1554ಕ್ಕೆ ಕರೆ ಮಾಡಿ. ಒಂದು ಎಚ್ಚರಿಕೆ: ಮೊಬೈಲ್ 13.35 ಡಿಗ್ರಿ ಎಂದು ತೋರಿಸಿದ್ದನ್ನು ಕೇಳಿದವರು 13 ಡಿಗ್ರಿ 35 ಮಿನಿಟ್ (ಒಂದು ಡಿಗ್ರಿಗೆ 60 ಮಿನಿಟ್) ಎಂದು ಬರೆದುಕೊಂಡರೆ ಸುಮಾರು 26 ಕಿಲೋಮೀಟರ್ ತಪ್ಪುತ್ತದೆ. ಮಲ್ಪೆಯ ಎದುರು ಹುಡುಕಬೇಕಾದ ದೋಣಿ ಕುಂದಾಪುರದ ಕಡೆಗೆ ಹೋಗುತ್ತದೆ. ನಿಮ್ಮ ದೋಣಿಯ ಜಿಪಿಎಸ್ ಯಾವ ರೂಪದಲ್ಲಿ ತೋರಿಸುತ್ತದೆ ಎಂದು ಇಂದೇ ನೋಡಿ, ಮೊಬೈಲನ್ನೂ ಅದೇ ರೂಪಕ್ಕೆ ಹೊಂದಿಸಿ, ದೋಣಿ ನಡೆಸುವ ತಾಂಡೇಲರಿಗೆ ಓದಲು ಕಲಿಸಿ.